ಗಲ್ಲಾಪೆಟ್ಟಿಗೆಯ ಮೇಲೆ ನಿಂತ ರಂಗಭೂಮಿ: ಗುಬ್ಬಿ ವೀರಣ್ಣನವರ ಕಾಯಕ

1934ನೆಯ ಇಸವಿಯಲ್ಲಿ ಬೆಂಗಳೂರಿನ ಜನ ಎರಡು ಹೊಸ ಸಂಗತಿಗಳನ್ನು ಕಂಡರು. ಮಾರ್ಚ್ 3ರಂದು ‘ಸತಿ ಸುಲೋಚನ’ ಬಿಡುಗಡೆಯಾಯಿತು; ಕನ್ನಡದ ಮಾತು ಮೊಟ್ಟಮೊದಲ ಬಾರಿಗೆ ಬೆಳ್ಳಿತೆರೆಯಿಂದ ಕೇಳಿಬಂತು. ಅದೇ ವರ್ಷ ಗುಬ್ಬಿ ಕಂಪನಿಯವರು ‘ಕುರುಕ್ಷೇತ್ರ’ ನಾಟಕವನ್ನು ಆಡಿದರು. ಆ ರಂಗದ ಮೇಲೆ ನಿಜವಾದ ಆನೆ ಕುದುರೆಗಳು ನಡೆದುಬಂದವು. ಒಂದು ಕಡೆ ನೆರಳು ಮಾತನಾಡಲು ಕಲಿತಿತ್ತು. ಇನ್ನೊಂದು ಕಡೆ, ನೆರಳು ಎಂದೂ ಕೊಡಲಾಗದ್ದನ್ನು, ಅಂದರೆ ಜೀವಂತ ಪ್ರಾಣಿಯ ಉಸಿರನ್ನೂ ಹೆಜ್ಜೆಯ ಸಪ್ಪಳವನ್ನೂ, ನಾಟಕದ ಯಜಮಾನನೊಬ್ಬ ಜನರ ಮುಂದೆ ತಂದು ನಿಲ್ಲಿಸಿದ್ದ. ಆ ಯಜಮಾನರೇ ಗುಬ್ಬಿ ವೀರಣ್ಣನವರು.

ವಿದ್ಯಾರ್ಥಿ ಮಿತ್ರರೇ, ವೀರಣ್ಣನವರ ಹೆಸರು ಕೇಳದವರು ನಿಮ್ಮಲ್ಲಿ ಕಡಿಮೆ. ದೊಡ್ಡ ಹಾಸ್ಯನಟರೆಂದು, ‘ನಾಟಕರತ್ನ’ರೆಂದು ನಿಮ್ಮ ಹಿರಿಯರು ಅವರನ್ನು ನೆನೆಯುವುದನ್ನು ಕೇಳಿರುತ್ತೀರಿ. ಆದರೆ ಇಲ್ಲಿ ನಾವು ನಟ ವೀರಣ್ಣನವರಿಗಿಂತ ಹೆಚ್ಚಾಗಿ ಯಜಮಾನ ವೀರಣ್ಣನವರನ್ನು ನೋಡೋಣ. ಅರಮನೆಯ ಸಂಬಳವಿಲ್ಲದೆ, ಸರ್ಕಾರದ ಅನುದಾನವಿಲ್ಲದೆ, ಪ್ರತಿ ರಾತ್ರಿ ಮಾರಾಟವಾಗುವ ಟಿಕೆಟ್ಟಿನ ಹಣದಿಂದಲೇ ನೂರಕ್ಕೂ ಹೆಚ್ಚು ಜನರ ಹೊಟ್ಟೆ ತುಂಬಿಸುತ್ತ ಒಂದು ಕಲೆಯನ್ನು ಅರ್ಧ ಶತಮಾನಕ್ಕೂ ಮೀರಿ ನಡೆಸುವುದು ಹೇಗೆ ಸಾಧ್ಯವಾಯಿತು? ಅದಕ್ಕೆ ಯಾರು ಯಾರು ಏನೇನು ಬೆಲೆ ತೆತ್ತರು? ನಮ್ಮ ರಂಗಭೂಮಿಯ ಇತಿಹಾಸವನ್ನು ಬರೆಯುವವರು ನಾಟಕಗಳ ಪಟ್ಟಿ ಕೊಡುತ್ತಾರೆ, ಬಿರುದುಗಳ ಪಟ್ಟಿ ಕೊಡುತ್ತಾರೆ. ಈ ಪ್ರಶ್ನೆಯನ್ನು ಮಾತ್ರ ಅಷ್ಟಾಗಿ ಕೇಳುವುದಿಲ್ಲ.

ನಾಟಕಕ್ಕೆ ದುಡ್ಡು ಕೊಟ್ಟು ಟಿಕೆಟ್ಟು ಪಡೆಯುವುದು ನಮಗೆ ಇಂದು ಸಹಜವೆನಿಸುತ್ತದೆ. ಆದರೆ ನಮ್ಮ ನಾಡಿನಲ್ಲಿ ಇದು ಅಷ್ಟೇನೂ ಹಳೆಯದಲ್ಲ. ಬಯಲಾಟಕ್ಕೆ ಬಾಗಿಲೆಂಬುದೇ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಊರವರೇ ಕಾಸು ಕೂಡಿಸುತ್ತಿದ್ದರು, ಇಲ್ಲವೇ ಗೌಡರೋ ಶಾನುಭೋಗರೋ ಹರಕೆಯ ಆಟ ಆಡಿಸುತ್ತಿದ್ದರು. ನೋಡುವವನು ಕಂಬಳಿ ಹೊದ್ದು ಬಂದು ಕುಳಿತರೆ ಆಯಿತು. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿಸಿದರು. ಆಮೇಲೆ ಮರಾಠಿ ಮಂಡಳಿಗಳು ಉತ್ತರ ಕರ್ನಾಟಕದಲ್ಲೆಲ್ಲ ಸಂಚರಿಸತೊಡಗಿದವು. ಮುಂಬಯಿಯ ಪಾರ್ಸಿ ಕಂಪನಿಗಳು ಬಣ್ಣದ ಪರದೆ, ಝಗಝಗಿಸುವ ಉಡುಪು, ಚಮತ್ಕಾರದ ದೃಶ್ಯಗಳನ್ನು ಹೊತ್ತು ದಕ್ಷಿಣಕ್ಕೂ ಬಂದವು. ಇವನ್ನು ಕಂಡು ನಮ್ಮವರಲ್ಲೂ ಹುರುಪು ಹುಟ್ಟಿತು. ಗದುಗಿನ ಕಡೆ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದರು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಹುಟ್ಟಿತು; ಬಸವಪ್ಪ ಶಾಸ್ತ್ರಿಗಳ ‘ಶಾಕುಂತಲ’ ಅಲ್ಲಿಯ ಹೆಮ್ಮೆ. ಅರಮನೆಯ ನಟರಿಗೆ ಮಹಾರಾಜರು ಮೆಚ್ಚಿದರೆ ಸಾಕಿತ್ತು. ಊರೂರು ತಿರುಗುವ ಕಂಪನಿಗೆ ಆ ಅನುಕೂಲವಿಲ್ಲ. ಅದಕ್ಕೆ ದೊರೆ ಎಂದರೆ ಸಂಜೆ ಬಾಗಿಲ ಬಳಿ ಬಂದು ನಿಲ್ಲುವ ಜನ.

ಗುಬ್ಬಿ ತುಮಕೂರಿನ ಪಕ್ಕದ ಸಣ್ಣ ಊರು. ಅಡಿಕೆ ತೆಂಗಿನ ವ್ಯಾಪಾರ, ಸಂತೆ, ಚನ್ನಬಸವೇಶ್ವರನ ಜಾತ್ರೆ, ಇವು ಅಲ್ಲಿನ ಜೀವಾಳ. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿಗಳ ಮೇಲೆ ಹಾದು ಹರಿಹರದ ಕಡೆಗೆ ರೈಲು ಬಂತು. ಹಾದಿಯಲ್ಲಿ ಸಿಗುವ ಈ ರೈಲನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಾಟಕದ ಕಂಪನಿಯೆಂದರೆ ಬರೀ ನಟರಲ್ಲ. ಗಾಡಿಗಟ್ಟಲೆ ಪರದೆ, ಮರದ ಹಲಗೆ, ಪೆಟ್ಟಿಗೆ, ದೀಪ, ಪಾತ್ರೆಪಡಗ. ಎತ್ತಿನ ಗಾಡಿಯನ್ನೇ ನಂಬಿದ್ದರೆ ಇಷ್ಟು ಸರಂಜಾಮು ಹತ್ತು ಹದಿನೈದು ಹರದಾರಿಯಾಚೆಗೆ ಹೋಗುವುದು ಕಷ್ಟವಿತ್ತು. ವೃತ್ತಿನಾಟಕ ಕಂಪನಿಗಳು ಬೆಳೆದ ಕಾಲವೂ ರೈಲು ಹಬ್ಬಿದ ಕಾಲವೂ ಒಂದೇ ಆಗಿರುವುದು ಆಕಸ್ಮಿಕವೇನಲ್ಲ.

ಅದೇ ದಶಕದಲ್ಲಿ, 1884ರಲ್ಲಿ, ಗುಬ್ಬಿಯ ಕೆಲವು ರಂಗಾಸಕ್ತರು ಸೇರಿ ಒಂದು ನಾಟಕ ಸಂಘ ಕಟ್ಟಿದರು. ಅದಕ್ಕೆ ಇಟ್ಟ ಹೆಸರು ‘ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ’. ಹೆಸರೇ ಒಂದು ಕತೆ ಹೇಳುತ್ತದೆ. ಅರಮನೆಯ ಸಭೆ ಮಹಾರಾಜರ ಹೆಸರನ್ನು ಹೊತ್ತಿತ್ತು. ಗುಬ್ಬಿಯವರಿಗೆ ಪೋಷಿಸಲು ದೊರೆಯಿರಲಿಲ್ಲ, ಊರ ದೇವರಿದ್ದ. ಆ ದೇವರ ಕೃಪೆ ಬಂದದ್ದೆಲ್ಲ ಟಿಕೆಟ್ ಕೊಡುವ ಕಿಂಡಿಯ ಮೂಲಕವೇ ಎಂದರೆ ಚನ್ನಬಸವೇಶ್ವರನೂ ಬೇಸರಪಡಲಾರ.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ, ಅದೇ ಗುಬ್ಬಿಯಲ್ಲಿ. ಐದಾರು ವರ್ಷದ ಹುಡುಗನಾಗಿದ್ದಾಗಲೇ ಬಣ್ಣ ಹಚ್ಚಿದರು. ಶಾಲೆಯಲ್ಲಿ ಕಲಿತದ್ದಕ್ಕಿಂತ ಕಂಪನಿಯಲ್ಲಿ ಕಲಿತದ್ದೇ ಹೆಚ್ಚು. ಬಾಲಪಾತ್ರಗಳಿಂದ ಮೊದಲಾಗಿ ಒಂದೊಂದೇ ಮೆಟ್ಟಿಲು ಹತ್ತಿದವರು ಅವರು. ಇಂಥವರಿಗೆ ಒಂದು ಲಾಭವಿದೆ. ಪರದೆಯ ಹಗ್ಗ ಎಳೆಯುವವನ ಕಷ್ಟದಿಂದ ಹಿಡಿದು ರಾಜಪಾರ್ಟಿನವನ ಬಿಂಕದವರೆಗೆ ಎಲ್ಲವನ್ನೂ ಒಳಗಿನಿಂದ ಬಲ್ಲವರಾಗಿರುತ್ತಾರೆ.

ಅವರಿಗೆ ಒಲಿದದ್ದು ಹಾಸ್ಯ. ‘ಸದಾರಮೆ’ ನಾಟಕದ ಕಳ್ಳನ ಪಾತ್ರದಲ್ಲಿ ಅವರು ಮನೆಮಾತಾದರು. ಆ ನಾಟಕದ ನಾಯಕಿ ಸದಾರಮೆಯೇ ಆದರೂ ಜನ ಕಾದು ಕುಳಿತಿರುತ್ತಿದ್ದದ್ದು ಕಳ್ಳನಿಗಾಗಿ. ನಾಲ್ವಡಿ ಕೃಷ್ಣರಾಜ ಒಡೆಯರು ಅವರ ಹಾಸ್ಯವನ್ನು ಮೆಚ್ಚಿ ‘ವರ್ಸಟೈಲ್ ಕಮೆಡಿಯನ್’ ಎಂಬ ಬಿರುದನ್ನೇ ಕೊಟ್ಟರು. ಮುಂದೆ ‘ಕರ್ನಾಟಕಾಂಧ್ರ ನಾಟಕ ಸಾರ್ವಭೌಮ’ ಎಂಬ ಬಿರುದೂ ಬಂತು; ತೆಲುಗು ಸೀಮೆಯಲ್ಲೂ ಕಂಪನಿಗೆ ಎಷ್ಟು ಮನ್ನಣೆ ಇತ್ತೆಂಬುದಕ್ಕೆ ಆ ಹೆಸರೇ ಸಾಕ್ಷಿ. ಬಿರುದುಗಳ ವಿಚಾರ ಹಾಗಿರಲಿ. ಹಾಸ್ಯನಟನೊಬ್ಬ ಕಂಪನಿಯ ಯಜಮಾನನಾದದ್ದರಲ್ಲಿ ಒಂದು ಅರ್ಥವಿದೆ ಎಂದು ನನಗೆ ತೋರುತ್ತದೆ. ರಾಜಪಾರ್ಟಿನವನು ತನ್ನ ಹಾಡಿನಲ್ಲಿ ತಾನೇ ಮೈಮರೆಯಬಹುದು. ಹಾಸ್ಯಗಾರನಿಗೆ ಆ ಸ್ವಾತಂತ್ರ್ಯವಿಲ್ಲ. ಜನ ನಕ್ಕರೇ ಇಲ್ಲವೇ ಎಂಬುದು ಆ ಕ್ಷಣಕ್ಕೇ ಅವನಿಗೆ ತಿಳಿಯುತ್ತದೆ. ಪ್ರೇಕ್ಷಕರ ನಾಡಿ ಹಿಡಿಯುವ ಈ ವಿದ್ಯೆಯೇ ವೀರಣ್ಣನವರ ನಿಜವಾದ ಬಂಡವಾಳ.

1917ರಲ್ಲಿ ಅವರು ಕಂಪನಿಯ ಒಡೆತನ ವಹಿಸಿಕೊಂಡರು. ಆಗ ವಯಸ್ಸು 26. ಮರುವರ್ಷವೇ ಇನ್‌ಫ್ಲುಯೆಂಜಾ ಮಹಾಮಾರಿ ಇಡೀ ದೇಶವನ್ನು ಹೊಡೆಯಿತು. ಜನ ಗುಂಪುಗೂಡುವುದನ್ನೇ ನಂಬಿದ ವೃತ್ತಿಗೆ ಇಂಥ ಕಾಲದಲ್ಲಿ ಏನಾದೀತೆಂದು 2020ರಲ್ಲಿ ಕೊರೊನಾದ ಲಾಕ್‌ಡೌನ್ ಕಂಡ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ಲೇಗು, ಮಳೆ, ಬರ, ಯುದ್ಧ, ಇವುಗಳಲ್ಲಿ ಯಾವುದು ಬಂದರೂ ಮೊದಲು ಖಾಲಿಯಾಗುತ್ತಿದ್ದದ್ದು ನಾಟಕದ ಕೊಟ್ಟಿಗೆ.

ಕಂಪನಿಯೊಂದು ಒಂದು ಊರಿಗೆ ಬಂದು ಬೀಡು ಬಿಟ್ಟರೆ ಅದನ್ನು ‘ಕ್ಯಾಂಪ್’ ಎನ್ನುತ್ತಿದ್ದರು. ಕ್ಯಾಂಪ್ ಹಾಕುವುದೆಂದರೆ ಏನು? ಮೊದಲು ಒಬ್ಬಿಬ್ಬರು ಮುಂದಾಗಿ ಹೋಗಿ ಊರಿನ ಹವಾ ನೋಡಬೇಕು: ಬೆಳೆ ಹೇಗಿದೆ, ಕೈಯಲ್ಲಿ ಕಾಸಾಡುತ್ತಿದೆಯೇ, ಜಾತ್ರೆ ಯಾವಾಗ, ಬೇರೆ ಕಂಪನಿಯವರು ಈಗತಾನೇ ಬಂದು ಹೋಗಿದ್ದಾರೆಯೇ? ಬಯಲು ಗೊತ್ತುಮಾಡಿ, ಊರ ಪ್ರಮುಖರನ್ನು ಕಂಡು, ಅನುಮತಿ ಪಡೆಯಬೇಕು. ಆಮೇಲೆ ಕಂಬ ನೆಟ್ಟು, ತಗಡೋ ಸೋಗೆಯೋ ಹೊದಿಸಿ ಥೇಟರು ಎಬ್ಬಿಸಬೇಕು. ನಟರಿಗೆ, ಅಡಿಗೆಯವರಿಗೆ, ಸಂಸಾರ ಕಟ್ಟಿಕೊಂಡವರಿಗೆ ಮನೆಗಳನ್ನು ಬಾಡಿಗೆಗೆ ಹಿಡಿಯಬೇಕು. ಇಷ್ಟಾದ ಮೇಲೆ ಜಟಕಾ ಗಾಡಿಯಲ್ಲಿ ಬ್ಯಾಂಡು ಬಾರಿಸುತ್ತ ಬೀದಿಬೀದಿಗೆ ಕರಪತ್ರ ಹಂಚಬೇಕು. ಮೊದಲ ಟಿಕೆಟ್ಟು ಮಾರಾಟವಾಗುವ ಹೊತ್ತಿಗೆ ಯಜಮಾನನ ಗಂಟು ಅರ್ಧ ಕರಗಿರುತ್ತಿತ್ತು. ಒಂದು ವಾರ ಮಳೆ ಹಿಡಿದರೆ ಉಳಿದರ್ಧವೂ ಹೋಯಿತು. ಆಟವಿರಲಿ ಇಲ್ಲದಿರಲಿ, ಕಂಪನಿಯ ಮನೆಯಲ್ಲಿ ಎರಡು ಹೊತ್ತು ಎಲೆ ಹಾಕಲೇಬೇಕು. ಕಾರ್ಖಾನೆಯ ಮಾಲೀಕ ತನ್ನ ಸರಕು ಮಾರಾಟವಾಗದಿದ್ದರೆ ಗೋದಾಮಿನಲ್ಲಿಟ್ಟು ನಾಳೆ ಮಾರಿಯಾನು. ಇಂದು ರಾತ್ರಿ ಖಾಲಿ ಉಳಿದ ಬೆಂಚನ್ನು ನಾಳೆ ಮಾರಲು ಬರುವುದಿಲ್ಲ. ಎಲ್ಲ ಕಾಲದ ರಂಗವ್ಯಾಪಾರದ ಸಂಕಟವೂ ಈ ಒಂದು ಮಾತಿನಲ್ಲಿದೆ.

ಒಳಗೆ ಪ್ರೇಕ್ಷಕರು ಕೂರುವ ರೀತಿಯೇ ಅಂದಿನ ಸಮಾಜದ ನಕ್ಷೆಯಂತಿತ್ತು. ಮುಂದುಗಡೆ ಕುರ್ಚಿ, ಹಿಂದೆ ಬೆಂಚು, ಉಳಿದವರಿಗೆ ನೆಲ; ಹೆಂಗಸರಿಗೆ ಬೇರೆ ಜಾಗ. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು. ದಶಮಾಂಶ ನಾಣ್ಯ ಬಂದದ್ದು 1957ರಲ್ಲಿ. ಕುರ್ಚಿಗೆ ರೂಪಾಯಿಯ ಲೆಕ್ಕವಾದರೆ ನೆಲಕ್ಕೆ ಆಣೆಯ ಲೆಕ್ಕ. ಕುರ್ಚಿಯವರು ಕಡಿಮೆ, ನೆಲದವರು ಅಸಂಖ್ಯ. ಆದ್ದರಿಂದ ನಾಟಕ ಯಾರಿಗಾಗಿ ಎಂಬ ಪ್ರಶ್ನೆಗೆ ಉತ್ತರ ಗಲ್ಲಾಪೆಟ್ಟಿಗೆಯಲ್ಲೇ ಇತ್ತು. ರಾತ್ರಿ ಒಂಬತ್ತು ಹತ್ತಕ್ಕೆ ಶುರುವಾದ ಆಟ ಬೆಳಗಿನ ಜಾವದವರೆಗೆ ನಡೆಯಬೇಕು, ಏಕೆಂದರೆ ಸುತ್ತಲಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದವರು ಕತ್ತಲಲ್ಲಿ ಹಿಂದಿರುಗುವುದೆಲ್ಲಿಗೆ? ಹಾಡಿಗೆ ‘ಒನ್ಸ್‌ಮೋರ್’ ಬಿದ್ದರೆ, ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯಬೇಕು! ಇದನ್ನು ನೆನೆದು ನಾವು ನಗಬಹುದು. ಹಣ ಕೊಟ್ಟವನು ಮಾತ್ರ ಅದನ್ನು ತನ್ನ ಹಕ್ಕೆಂದೇ ತಿಳಿದಿದ್ದ.

ಕಂಪನಿಯ ಮನೆ ಒಂದು ವಿಚಿತ್ರ ಸಂಸಾರ. ನಾನಾ ಜಾತಿಯವರು, ನಾನಾ ಸೀಮೆಯವರು ಅಲ್ಲಿ ಒಟ್ಟಿಗೆ ಬಾಳಿದರು. ಹತ್ತು ವರ್ಷ ತುಂಬದ ಮಕ್ಕಳು ಬಂದು ಸೇರುತ್ತಿದ್ದರು. ಕೆಲವರನ್ನು ಅಪ್ಪಂದಿರೇ ಕರೆತರುತ್ತಿದ್ದರು, ಕೆಲವರು ಮನೆ ಬಿಟ್ಟು ಓಡಿಬರುತ್ತಿದ್ದರು. ಬೆಳಿಗ್ಗೆ ಸಂಗೀತದ ಪಾಠ, ಮಧ್ಯಾಹ್ನ ಮಾತಿನ ಪಾಠ, ರಾತ್ರಿ ಆಟ. ಕಾಲ್ಪೆಟ್ಟಿಗೆಯ ಮುಂದೆ ನಿಂತು ಶ್ರುತಿ ಹಿಡಿಯದಿದ್ದರೆ ಪೆಟ್ಟು ತಪ್ಪುತ್ತಿರಲಿಲ್ಲ. ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯ ಎಂಬ ನಟರ ಮಗ ಮುತ್ತುರಾಜ ಹೀಗೆಯೇ ಗುಬ್ಬಿ ಕಂಪನಿಯಲ್ಲಿ ಬಾಲನಟನಾಗಿ ಬೆಳೆದ. ನಂಜನಗೂಡು ಕಡೆಯಿಂದ ಬಂದ ಬಾಲಕ ಜಿ. ವಿ. ಅಯ್ಯರ್ ಇಲ್ಲಿಯೇ ರಂಗದ ಓನಾಮ ಕಲಿತ. ಇದನ್ನು ಗುರುಕುಲವೆಂದು ಹೊಗಳುವುದು ನಮ್ಮಲ್ಲಿ ರೂಢಿ. ಗುರುಕುಲವೂ ಹೌದು. ಆದರೆ ಶಾಲೆಯ ಮುಖ ಕಾಣದ ಮಕ್ಕಳು ರಾತ್ರಿಯಿಡೀ ಎಚ್ಚರವಿದ್ದು ದುಡಿಯುತ್ತಿದ್ದರು ಎಂಬುದೂ ಅಷ್ಟೇ ನಿಜ. ಮುಂದೆ ಹೆಸರಾದವರ ಬಾಲ್ಯವನ್ನು ಮಾತ್ರ ನಾವು ಕೇಳುತ್ತೇವೆ. ಹೆಸರಾಗದೆ ಕಂಠ ಒಡೆದ ಮೇಲೆ ಊರಿಗೆ ಮರಳಿದ ಹುಡುಗರ ಕತೆಯನ್ನು ಯಾರೂ ಬರೆದಿಡಲಿಲ್ಲ.

ಹೆಣ್ಣುಮಕ್ಕಳ ವಿಚಾರಕ್ಕೂ ಇದೇ ಮಾತು ಸಲ್ಲುತ್ತದೆ. ಆ ಕಾಲಕ್ಕೆ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಮರ್ಯಾದಸ್ಥ ಮನೆಯ ಹೆಣ್ಣು ರಂಗವೇರುವುದೆಂದರೆ ಊರೇ ಬಾಯಿಗೆ ಬಂದಂತೆ ಆಡುತ್ತಿತ್ತು. ಸ್ತ್ರೀಪಾತ್ರಕ್ಕೆ ಸ್ತ್ರೀಯರನ್ನೇ ತಂದ ಮುಂಚಿನ ಕನ್ನಡ ಕಂಪನಿಗಳಲ್ಲಿ ಗುಬ್ಬಿ ಕಂಪನಿಯೂ ಒಂದು. ಸುಂದರಮ್ಮ, ಬಿ. ಜಯಮ್ಮ ಮುಂತಾದವರು ಜನರ ಕಣ್ಮಣಿಗಳಾದರು. ಸುಂದರಮ್ಮನವರೂ ಜಯಮ್ಮನವರೂ ವೀರಣ್ಣನವರ ಪತ್ನಿಯರೇ. ಅವರಿಗೆ ಒಬ್ಬರಿಗಿಂತ ಹೆಚ್ಚು ಮಡದಿಯರಿದ್ದದ್ದು ಆ ಕಾಲದ ಕಾನೂನಿಗೆ ವಿರುದ್ಧವಲ್ಲ. ಮನೆಯ ಹೆಂಗಸರೇ ರಂಗಕ್ಕೆ ಬಂದದ್ದರಿಂದ ನಾಟಕದ ಹೆಣ್ಣಿಗೆ ಒಂದು ಬಗೆಯ ರಕ್ಷಣೆ ಸಿಕ್ಕಿತು, ನಿಜ. ಅದೇ ಹೊತ್ತಿಗೆ, ರಂಗದ ಮೇಲೂ ಮನೆಯೊಳಗೂ ಒಬ್ಬರೇ ಯಜಮಾನರಾದರು. ಗಲ್ಲಾಪೆಟ್ಟಿಗೆ ತುಂಬಿಸಿದ ಕಲಾವಿದೆಯರ ದುಡಿಮೆಗೆ ಪ್ರತ್ಯೇಕ ಲೆಕ್ಕ ಇತಿಹಾಸದಲ್ಲಿ ಸಿಗುವುದು ಅಪರೂಪ. ಜಯಮ್ಮನವರು ಮುಂದೆ ಚಲನಚಿತ್ರಗಳಲ್ಲೂ ದೊಡ್ಡ ಹೆಸರು ಗಳಿಸಿದರು.

ಇನ್ನು ಆನೆಗಳ ಸಂಗತಿಗೆ ಬರೋಣ. ವೀರಣ್ಣನವರು ಪ್ರತಿ ಬಾರಿಯೂ ಹೊಸತೊಂದನ್ನು ಹುಡುಕುತ್ತಿದ್ದರು. ಬೆಳ್ಳಾವೆ ನರಹರಿ ಶಾಸ್ತ್ರಿಗಳಿಂದ ‘ಕೃಷ್ಣಲೀಲೆ’ಯಂಥ ನಾಟಕಗಳನ್ನು ಬರೆಸಿದರು. ಅದೇ ಶಾಸ್ತ್ರಿಗಳು ಮುಂದೆ ‘ಸತಿ ಸುಲೋಚನ’ಕ್ಕೂ ಮಾತು ಮತ್ತು ಹಾಡು ಬರೆದರು ಎಂಬುದು ನೆನಪಿಡಬೇಕಾದ ಸಂಗತಿ. ಬೆಂಗಳೂರಿನ ಮೆಜೆಸ್ಟಿಕ್ ಪ್ರದೇಶದಲ್ಲಿ ಕಂಪನಿಯ ಸ್ವಂತ ಥಿಯೇಟರು ಎದ್ದಿತು. ಊರಿಂದೂರಿಗೆ ಅಲೆಯುವ ಕಂಪನಿಗೆ ರಾಜಧಾನಿಯಲ್ಲೇ ಒಂದು ನೆಲೆ ಸಿಕ್ಕಿದ್ದು ದೊಡ್ಡ ಹೆಜ್ಜೆ. ‘ಕುರುಕ್ಷೇತ್ರ’ವನ್ನು ಬರೆದುಕೊಟ್ಟವರು ಬಿ. ಪುಟ್ಟಸ್ವಾಮಯ್ಯನವರು; ಬಸವಣ್ಣನ ಕಾಲದ ಕತೆಯಾದ ‘ಕ್ರಾಂತಿ ಕಲ್ಯಾಣ’ ಕಾದಂಬರಿಗೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು ಅವರೇ.

ಆನೆಗೆ ಮೇವು ಬೇಕು, ಮಾವುತ ಬೇಕು, ಅದರ ಭಾರ ತಡೆಯುವ ರಂಗ ಬೇಕು. ಹಾಡು, ಡೋಲು, ದೀಪಗಳ ನಡುವೆ ಬೆದರದಂತೆ ಅದನ್ನು ಪಳಗಿಸಬೇಕು. ಸಣ್ಣ ಎಡವಟ್ಟಾದರೂ ಮುಂದೆ ಕುಳಿತವರ ಪ್ರಾಣಕ್ಕೇ ಸಂಚಕಾರ. ಇಷ್ಟು ಸಾಹಸ ಯಾಕೆ? ಬರೀ ಆಡಂಬರದ ಚಪಲವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮೂಕಿ ಚಿತ್ರಗಳು ಆಗಲೇ ಪೇಟೆಗಳಲ್ಲಿ ಬೇರುಬಿಟ್ಟಿದ್ದವು. ಟಾಕಿ ಬಂದ ಮೇಲಂತೂ ನಾಟಕದವರ ಬಳಿ ಉಳಿದಿದ್ದ ಹಾಡು ಮತ್ತು ಮಾತು ಎರಡೂ ಸಿನಿಮಾದ ಪಾಲಾದವು. ಅದೂ ಎಷ್ಟು ಅಗ್ಗವಾಗಿ! ಒಂದು ರೀಲಿನ ಪೆಟ್ಟಿಗೆಗೆ ಊಟ ಬೇಡ, ಸಂಬಳ ಬೇಡ, ಗಂಟಲು ಕಟ್ಟುವುದಿಲ್ಲ, ಒಂದೇ ದಿನ ಮೂರು ಊರಲ್ಲಿ ಆಡಬಲ್ಲದು. ಇದರೆದುರು ನಾಟಕಕ್ಕೆ ಉಳಿದ ಒಂದೇ ಅಸ್ತ್ರ ಪ್ರತ್ಯಕ್ಷತೆ. ಪ್ರತ್ಯಕ್ಷತೆಯನ್ನು ಎಷ್ಟು ದೊಡ್ಡದು ಮಾಡಬಹುದೋ ಅಷ್ಟು ದೊಡ್ಡದು ಮಾಡಿ ತೋರಿಸಿದ್ದೇ ‘ಕುರುಕ್ಷೇತ್ರ’.

ಇದಕ್ಕೆ ವಿದ್ಯಾವಂತರ ಆಕ್ಷೇಪಣೆಯಿತ್ತು ಎಂಬುದನ್ನೂ ಹೇಳಬೇಕು. ಬೆಂಗಳೂರಿನಲ್ಲಿ 1909ರಲ್ಲೇ ಹವ್ಯಾಸಿಗಳ ಅಮೆಚೂರ್ ಡ್ರಾಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿತ್ತು. ಟಿ. ಪಿ. ಕೈಲಾಸಂ ಅವರು ‘ಟೊಳ್ಳುಗಟ್ಟಿ’ಯಂಥ ನಾಟಕಗಳಲ್ಲಿ ಮನೆಯ ಪಡಸಾಲೆಯನ್ನೇ ರಂಗಕ್ಕೆ ತಂದು, ಹಾಡಿಲ್ಲದೆ, ಕಿರೀಟವಿಲ್ಲದೆ ನಾಟಕವಾಡಬಹುದೆಂದು ತೋರಿಸಿದ್ದರು. ಅವರ ಕಣ್ಣಿಗೆ ಕಂಪನಿ ನಾಟಕಗಳ ಝರಿ ಪೀತಾಂಬರ, ಸಾಲು ಸಾಲು ಹಾಡು, ಕತೆಗೆ ಸಂಬಂಧವಿಲ್ಲದ ಹಾಸ್ಯ, ಇವೆಲ್ಲ ಕಲೆಯ ಅಪಚಾರ. ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಹವ್ಯಾಸಿಗಳು ಹಗಲು ಕಚೇರಿಗೋ ಕಾಲೇಜಿಗೋ ಹೋಗಿ ಸಂಬಳ ತರುತ್ತಿದ್ದರು; ಅವರ ನಾಟಕ ಸೋತರೆ ಅವರ ಮನೆಯ ಒಲೆ ಆರುತ್ತಿರಲಿಲ್ಲ. ವೀರಣ್ಣನವರ ನಾಟಕ ಸೋತರೆ ನೂರು ಎಲೆಗಳಿಗೆ ಅನ್ನವಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಸಿನಿಮಾವನ್ನು ವೀರಣ್ಣನವರು ಶತ್ರುವೆಂದು ದೂರವಿಟ್ಟರೇ? ಇಲ್ಲ. ಇದು ಅವರ ಬಾಳಿನ ಅತ್ಯಂತ ಕುತೂಹಲದ ಭಾಗ. ಟಾಕಿ ಬರುವುದಕ್ಕೆ ಮೊದಲೇ, 1929ರ ಸುಮಾರಿಗೆ, ದೇವುಡು ನರಸಿಂಹ ಶಾಸ್ತ್ರಿಗಳಂಥವರ ಜೊತೆ ಸೇರಿ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಕಟ್ಟಿ ‘ಹರಿಮಾಯೆ’, ‘ಹಿಸ್ ಲವ್ ಅಫೇರ್’ ಮುಂತಾದ ಮೂಕಿ ಚಿತ್ರಗಳಿಗೆ ಕೈಹಾಕಿದರು. ಆ ಸಂಸ್ಥೆ ಬಹುಕಾಲ ಬಾಳಲಿಲ್ಲ. 1935ರಲ್ಲಿ ‘ಸದಾರಮೆ’ ಟಾಕಿಯಾಯಿತು. 1941ರಲ್ಲಿ ‘ಸುಭದ್ರಾ’, 1942ರಲ್ಲಿ ಅ. ನ. ಕೃಷ್ಣರಾಯರು ಬರೆದ ‘ಜೀವನ ನಾಟಕ’, ಆಮೇಲೆ ಜಯಮ್ಮನವರು ನಾಯಕಿಯಾದ ‘ಹೇಮರೆಡ್ಡಿ ಮಲ್ಲಮ್ಮ’, ಹೀಗೆ ಒಂದೊಂದಾಗಿ ಅವರ ಚಿತ್ರಗಳು ಬಂದವು. ಚಿತ್ರಮಂದಿರಗಳನ್ನೂ ನಡೆಸಿದರು. ಒಂದು ಕೈಯಲ್ಲಿ ನಾಟಕ, ಇನ್ನೊಂದು ಕೈಯಲ್ಲಿ ಸಿನಿಮಾ. ಒಂದರ ಲಾಭ ಇನ್ನೊಂದರ ಸಾಲಕ್ಕೆ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಕನ್ನಡ ಚಿತ್ರವೆಂದರೆ ಮದರಾಸು, ಕೊಯಮತ್ತೂರು, ಸೇಲಂಗಳ ಸ್ಟುಡಿಯೋಗಳನ್ನು ನಂಬಿದ ಬಡ ಉದ್ಯಮ. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು ಬಂದರೆ ಹೆಚ್ಚು. ಅಂಥ ಕಾಲದಲ್ಲಿ ಹಣ ಹೂಡುವವರು ಯಾರು? ಕನ್ನಡ ಮಾತನ್ನು ಕೇಳಲು ಜನ ದುಡ್ಡು ಕೊಡುತ್ತಾರೆಂದು ತಮ್ಮ ಗಲ್ಲಾಪೆಟ್ಟಿಗೆಯಿಂದಲೇ ಅರಿತಿದ್ದ ನಾಟಕದ ಯಜಮಾನರಿಗಿಂತ ಬೇರೆಯವರಿಗೆ ಆ ಧೈರ್ಯ ಬರುವುದು ಸುಲಭವಿರಲಿಲ್ಲ.

1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು. ನಿರ್ಮಾಣ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಅವರದು. ಮದರಾಸಿನ ಎವಿಎಂನವರ ಸಹಯೋಗವಿತ್ತು. ನಿರ್ದೇಶಕ ಎಚ್. ಎಲ್. ಎನ್. ಸಿಂಹ ಗುಬ್ಬಿ ಕಂಪನಿಯ ಅನ್ನ ಉಂಡವರು. ಚಿತ್ರಕಥೆ ಜಿ. ವಿ. ಅಯ್ಯರ್ ಅವರದು. ನರಸಿಂಹರಾಜು ಅವರ ಹಾಸ್ಯ ತೆರೆಗೆ ಬಂದದ್ದು ಈ ಚಿತ್ರದಿಂದ. ನಾಯಕನ ಪಾತ್ರಕ್ಕೆ ಆಯ್ಕೆಯಾದ ಮುತ್ತುರಾಜನಿಗೆ ರಾಜಕುಮಾರ್ ಎಂಬ ಹೊಸ ಹೆಸರು ಬಂತು. ರಾಷ್ಟ್ರಪ್ರಶಸ್ತಿಯ ಅರ್ಹತಾಪತ್ರ ಪಡೆದ ಈ ಚಿತ್ರ ತೆಲುಗಿಗೂ ಹೋಯಿತು. ಅಲ್ಲಿಯೂ ರಾಜಕುಮಾರರೇ ನಾಯಕ. ಆಮೇಲಿನ ಐದು ದಶಕಗಳ ಕತೆ ನಿಮಗೆಲ್ಲ ಗೊತ್ತಿದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಕಂಪನಿ ತಾನು ಬೆಳೆಸಿದ ನಟರನ್ನೂ ಬರಹಗಾರರನ್ನೂ ತನ್ನದೇ ಹಣದಿಂದ ಸಿನಿಮಾಕ್ಕೆ ದಾಟಿಸಿತು. ಹೋದವರು ಹಿಂದಿರುಗಲಿಲ್ಲ, ಹಿಂದಿರುಗುವ ಹಾಗೂ ಇರಲಿಲ್ಲ. ಅವರನ್ನು ನೋಡಲು ಜನ ಚಿತ್ರಮಂದಿರಕ್ಕೆ ಹೋದರು, ಕ್ಯಾಂಪಿನ ಬೆಂಚುಗಳು ಖಾಲಿಯಾದವು. ವೀರಣ್ಣನವರು ಯಜಮಾನರಾಗಿ ಗೆದ್ದರೇ, ಸೋತರೇ? ವ್ಯಾಪಾರದ ಲೆಕ್ಕದಲ್ಲಿ ತನ್ನ ಅಂಗಡಿಯ ಸರಕನ್ನು ಎದುರಂಗಡಿಗೆ ತಾನೇ ಹೊತ್ತು ಹಾಕಿದಂತಾಯಿತು. ಆದರೆ ಎದುರಂಗಡಿಯಲ್ಲೂ ಅವರದೊಂದು ಪಾಲಿತ್ತು! ಜನ ಎಲ್ಲಿಗೆ ಹೋಗುತ್ತಾರೋ ಅಲ್ಲಿ ತಾನೂ ಇರಬೇಕೆಂಬುದು ಹಳೆಯ ಕ್ಯಾಂಪಿನ ಪಾಠವೇ ಅಲ್ಲವೆ?

ಅವರು ಹೂಡಿದ ಇನ್ನೊಂದು ಹಣಕ್ಕೆ ಮಾತ್ರ ಯಾವ ಲಾಭದ ಆಸೆಯೂ ಇರಲಿಲ್ಲ. ದಕ್ಷಿಣ ಕನ್ನಡದ ಮಂಚಿ ಗ್ರಾಮದ ಹುಡುಗನೊಬ್ಬ ಮನೆ ಬಿಟ್ಟು ಬಂದು ಗುಬ್ಬಿ ಕಂಪನಿ ಸೇರಿದ್ದ. ಸಣ್ಣಪುಟ್ಟ ಪಾತ್ರ ಮಾಡುತ್ತ ಬೆಳೆದ ಆ ಹುಡುಗನ ಓದಿನ ಹಂಬಲ ಕಂಡು ವೀರಣ್ಣನವರು ಅವನನ್ನು ಕಾಶಿಗೆ, ಎಂ. ಎ. ಓದಲು ಕಳುಹಿಸಿದರು. ಆ ಹುಡುಗ ಬಿ. ವಿ. ಕಾರಂತ. ಮುಂದೆ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಹುಟ್ಟಿದಾಗ ಅದರ ಮೊದಲ ನಿರ್ದೇಶಕರೂ ಅವರೇ. ಕಾರಂತರ ನಾಟಕಗಳಲ್ಲಿ ಸಂಗೀತ ತುಂಬಿ ತುಳುಕುತ್ತಿತ್ತು. ಹಾಡೆಂದರೆ ಮೂಗು ಮುರಿಯುತ್ತಿದ್ದ ಆಧುನಿಕ ರಂಗಭೂಮಿಗೆ ಹಾಡು ಹಿಂದಿರುಗಿದ್ದು ಕಂಪನಿಯ ಮನೆಯಲ್ಲಿ ಕಿವಿ ಪಳಗಿದ್ದ ಒಬ್ಬರಿಂದಲೇ. ಕೈಲಾಸಂ ಕಾಲದ ಆ ಹಳೆಯ ಜಗಳಕ್ಕೆ ಹೀಗೊಂದು ರಾಜಿಯೂ ಆಯಿತೆನ್ನಬಹುದು.

ವೀರಣ್ಣನವರಿಗೆ 1955ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಬಂದವು. ತಮ್ಮ ಆತ್ಮಕಥೆಗೆ ಅವರು ಕೊಟ್ಟ ಹೆಸರು ‘ಕಲೆಯೇ ಕಾಯಕ’. ‘ಕಾಯಕ’ ಎಂಬ ಮಾತು ಶರಣರಿಂದ ಬಂದದ್ದು. ದುಡಿದು ಉಣ್ಣುವುದು, ಉಂಡು ಉಳಿದದ್ದನ್ನು ಹಂಚುವುದು ಅದರ ತಿರುಳು. ಆತ್ಮಕಥೆಯನ್ನು ಓದುವಾಗ ಚರಿತ್ರೆಯ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು ನಿಜ. ಯಜಮಾನ ಹೇಳುವ ಕತೆ ಬೇರೆ, ನೆಲಕ್ಕೆ ಹಾಸಿದ ಚಾಪೆಯಲ್ಲಿ ಮಲಗುತ್ತಿದ್ದ ಹುಡುಗ ಹೇಳುವ ಕತೆ ಬೇರೆ. ಆದರೂ ದೇವರ ಕೃಪೆಯ ಹೆಸರಿನ ಕಂಪನಿಯನ್ನು ನಡೆಸಿದವರು ಕೊನೆಗೆ ‘ಕೃಪೆ’ ಎನ್ನದೆ ‘ಕಾಯಕ’ ಎಂದದ್ದು ಗಮನಾರ್ಹ.

1972ರ ಅಕ್ಟೋಬರ್ 18ರಂದು ಅವರು ತೀರಿಕೊಂಡರು. ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ರಂಗಭೂಮಿಯ ಹಿರಿಯರಿಗೆ ಪ್ರಶಸ್ತಿ ಕೊಡುತ್ತ ಬಂದಿದೆ. ಕಂಪನಿಯ ಮನೆಯಲ್ಲಿಯೇ ಬಾಲನಟಿಯಾಗಿ ಬೆಳೆದ ಅವರ ಮೊಮ್ಮಗಳು ಬಿ. ಜಯಶ್ರೀ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ ಬಂದು, ತಮ್ಮ ‘ಸ್ಪಂದನ’ ತಂಡದಿಂದ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದರು. ಅದರಲ್ಲಿ ಅವರು ಸದಾರಮೆಯ ಪಾತ್ರ ಮಾಡಲಿಲ್ಲ. ಮೀಸೆ ಅಂಟಿಸಿಕೊಂಡ ಕಳ್ಳನಾಗಿ ಬಂದರು.